ಎಂಟು ಗಂಟೆಗೆ ಹತ್ತು ಕ್ರ್ಯಾನ್‌ಬೆರಿ

ಗಡಿಯಾರ ರಿಪೇರಿ ಮಾಡುವವನಿಗೆ ಟಿಕ್‌ಟಿಕ್ ಸದ್ದೇ ಆಗಿಬರದಂತಾದರೆ ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು? ಮುಳ್ಳಪ್ಪನಿಗೆ ಅದೇ ಆಗಿತ್ತು. (ಅದು ಅವನ ನಿಜವಾದ ಹೆಸರಲ್ಲ. ಸದಾ ಗಡಿಯಾರದ ಮುಳ್ಳು ಹಿಡಿದು ಕೂತಿರುತ್ತಾನೆಂದು ಪಕ್ಕದ ಅಂಗಡಿಯ ಕ್ಷೌರಿಕ ಇಟ್ಟದ್ದು.) ಆ ಕ್ಷೌರಿಕ ಒಂದು ಬೆಳಿಗ್ಗೆ ಗಿರಾಕಿಯ ಅರ್ಧ ಗಡ್ಡ ಹೆರೆದು, ಒಂದು ನಿಮಿಷ ಎಂದು ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಇಪ್ಪತ್ತಾರು ವರ್ಷ ನಡುಗೋಡೆ ತಟ್ಟಿ ಚಹಾಕ್ಕೆ ಕರೆದ ಗೆಳೆಯ. ಮುಳ್ಳಪ್ಪನಿಗಿಂತ ಎಂಟು ತಿಂಗಳು ಚಿಕ್ಕವನು. ಆ ಎಂಟು ತಿಂಗಳು ಮುಳ್ಳಪ್ಪನನ್ನು ಭೂತದಂತೆ ಹಿಡಿದುಕೊಂಡವು. ಪಾಳಿ ತನ್ನದಿತ್ತು, ಮೇಲೆ ಯಾರೋ ಎಣಿಕೆ ತಪ್ಪಿದ್ದಾರೆ, ಅವರಿಗೆ ನೆನಪಾಗುವವರೆಗೆ ಮಾತ್ರ ತಾನು ಎಂಬುದು ಖಾತ್ರಿಯಾಯಿತು.

ಎಡಗೈ ಜೋಮು ಹಿಡಿದರೆ ಹೃದಯ. ಸೊಂಟ ಹಿಡಿದರೆ ಮೂತ್ರಪಿಂಡ. ಆಕಳಿಕೆ ಬಂದರೆ ಮಿದುಳು. ಎರಡು ಆಕಳಿಕೆ ಬಂದರೆ ಉಯಿಲು.

ಅಂಥ ಹೊತ್ತಿನಲ್ಲಿ ಪತ್ರಿಕೆಯಲ್ಲಿ ಕ್ರ್ಯಾನ್‌ಬೆರಿಯ ಮಹಿಮೆ ಕಣ್ಣಿಗೆ ಬಿತ್ತು. ತಂಪು ಸೀಮೆಯ ಜೌಗು ನೆಲದಲ್ಲಿ ಬೆಳೆಯುವ ಪುಟ್ಟ ಕೆಂಪು ಹಣ್ಣು. ಮೂತ್ರದ ಸೋಂಕನ್ನು ದೂರ ಇಡಬಹುದು, ಹೃದಯಕ್ಕೂ ಹಿತವಾಗಬಹುದು ಎಂದಿತ್ತು. ಹೆದರಿದವನ ಕಣ್ಣಿಗೆ 'ಬಹುದು' ಕಾಣುವುದಿಲ್ಲ. ಹಸಿ ಹಣ್ಣು ತಂದು ಕಚ್ಚಿದ. ಮುಖ ಹಿಂಡಿದ ಒದ್ದೆ ಬಟ್ಟೆಯಂತಾಯಿತು. ಹೆಂಡತಿ ಪಾಪ, ರಸ ತೆಗೆದಳು, ಮೊಸರಿಗೆ ಕಲಸಿದಳು, ಬ್ರೆಡ್ಡಿಗೆ ಸವರಲು ಬೇಯಿಸಿ ಗೊಜ್ಜಾಗಿಸಿದಳು. ಹುಳಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಣಗಿಸಿದ್ದು ಪೊಟ್ಟಣದಲ್ಲಿ ಸಿಕ್ಕಿತು. ಮೆತ್ತಗೆ, ಸಿಹಿಯಾಗಿ, ಬಾಯಲ್ಲಿಟ್ಟರೆ ಕರಗುವಂತೆ.

"ಔಷಧಿ ಇಷ್ಟು ರುಚಿಯಾಗಿದ್ರೆ ನಂಗೆ ಅನುಮಾನ ರೀ" ಎಂದಳು ಹೆಂಡತಿ.

"ಒಂದಾದ್ರೂ ನನ್ನ ಕಡೆ ಇರಲಿ ಬಿಡೇ."

ದಿನಕ್ಕೊಂದು ಸಲ, ಬೆಳಿಗ್ಗೆ ಎಂಟು ಹೊಡೆದಾಗ ಹತ್ತು ಹಣ್ಣು ಎಂದು ಅವಳೇ ಕಟ್ಟಳೆ ಮಾಡಿ ಪೊಟ್ಟಣವನ್ನು ಅಂಗಡಿಗೆ ಕಳಿಸಿದಳು. ಅಲ್ಲೇ ಎಡವಟ್ಟಾದದ್ದು. ಅಂಗಡಿಯಲ್ಲಿ ರಿಪೇರಿಗೆ ಬಂದ ಮೂವತ್ತೊಂದು ಗಡಿಯಾರಗಳಿದ್ದವು. ಯಾವುದು ನಿಜ, ಯಾವುದು ಸುಳ್ಳು ಎಂದು ಸದ್ದಿನಲ್ಲೇ ಹೇಳಬಲ್ಲವನಾಗಿದ್ದ ಮುಳ್ಳಪ್ಪ, ಗೆಳೆಯ ಹೋದಂದಿನಿಂದ ಯಾವುದನ್ನೂ ನಂಬದಾಗಿದ್ದ. ಮೊದಲ ಗಡಿಯಾರ ಎಂಟು ಹೊಡೆಯಿತು, ಹತ್ತು ಹಣ್ಣು ತಿಂದ. ಕಾಲು ಗಂಟೆ ಬಿಟ್ಟು ಇನ್ನೊಂದು ಹೊಡೆಯಿತು. ಮೊದಲನೆಯದು ಸುಳ್ಳಾಗಿದ್ದರೆ? ಮತ್ತೆ ಹತ್ತು. ಮೂಲೆಯ ಲೋಲಕದ ಗಡಿಯಾರವಂತೂ ಯಾರಾದರೂ ಜೋರಾಗಿ ಸೀನಿದರೂ ಎಂಟು ಹೊಡೆಯುತ್ತಿತ್ತು. ಮಧ್ಯಾಹ್ನದ ಊಟದೊಳಗೆ ಮುಳ್ಳಪ್ಪನಿಗೆ ಹನ್ನೊಂದು ಸಲ ಎಂಟು ಗಂಟೆಯಾಗುತ್ತಿತ್ತು.

ಎರಡು ತಿಂಗಳಲ್ಲಿ ಬಾಯಿ ಒಣಗತೊಡಗಿತು. ಎಷ್ಟು ನೀರು ಕುಡಿದರೂ ದಾಹ. ಗಳಿಗೆಗೊಮ್ಮೆ ಬಚ್ಚಲಿಗೆ ಓಟ. ಮೇಲಿನವರಿಗೆ ನೆನಪಾಗಿದೆ ಎಂದುಕೊಂಡು ಮುಳ್ಳಪ್ಪ ತಣ್ಣಗಾದ. ಹೆಂಡತಿ ಅವನನ್ನು ಬೀದಿಯ ಕೊನೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ರಕ್ತದ ವರದಿ ನೋಡಿ, ಏನು ತಿನ್ನುತ್ತೀರಿ ಎಂದು ಕೇಳಿದರು. ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರ ಓದಿದರು. ಹುಳಿ ಮುಚ್ಚಲು ಅದಕ್ಕೆ ಸಕ್ಕರೆ ಹಾಕಿದ್ದರು, ಧಾರಾಳವಾಗಿಯೇ.

"ಹಣ್ಣಿನ ತಪ್ಪಿಲ್ಲ. ಸಕ್ಕರೆ ಇಲ್ಲದ್ದು ಮಿತವಾಗಿ ತಿಂದ್ರೆ ಒಳ್ಳೇದೇ. ನೀವು ತಿಂದಿರೋದು ಮಿಠಾಯಿ" ಎಂದರು.

ರಕ್ತದಲ್ಲಿ ಏರಿದ ಸಕ್ಕರೆಗೆ ಮಾತ್ರೆ ಬರೆದರು, ದಿನಾ ನಡೆಯಲು ಹೇಳಿದರು. ಮುಳ್ಳಪ್ಪನಿಗೆ ಬೇಕಾದದ್ದು ಅದಲ್ಲ. ಮುಂಗೈ ಚಾಚಿ ಕೇಳಿದ.

"ನಾಡಿ ನೋಡಿ ಡಾಕ್ಟ್ರೇ. ನಿಂತುಬಿಡುತ್ತಾ?"

"ನನ್ನ ಹಳೇ ವಾಚು ಮೂರು ತಿಂಗಳಿಂದ ನಿಮ್ಮ ಅಂಗಡೀಲಿದೆ. ಅದು ಕೊಡಿ, ನಿಮ್ಮ ಕಣ್ಣೆದುರೇ ಎಣಿಸ್ತೀನಿ."

ಮುಳ್ಳಪ್ಪ ಓಡಿದ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಭಯ ಮರೆತು ಕೆಲಸ ಮಾಡಿದ. ಧೂಳು ಒರೆಸಿದ, ಎಣ್ಣೆ ಬಿಟ್ಟ, ಸಮಯ ಕೂಡಿಸಿ ಸಂಜೆಯೊಳಗೆ ತಂದುಕೊಟ್ಟ. ಡಾಕ್ಟರು ಅವನ ಮಣಿಕಟ್ಟು ಹಿಡಿದು, ವಾಚು ನೋಡುತ್ತ ಇಡೀ ಒಂದು ನಿಮಿಷ ಎಣಿಸಿದರು.

"ಎಪ್ಪತ್ತೆರಡು. ನಿಮ್ಮ ಹೃದಯ ಗಟ್ಟಿಯಾಗಿದೆ, ಹೋಗಿ."

ಹೆಂಡತಿ ಕಣ್ಣೊರೆಸಿಕೊಂಡಳು. ಮುಳ್ಳಪ್ಪ ಬಾಗಿಲವರೆಗೆ ಹೋದವನು ನಿಂತ. ಮುಖ ಮತ್ತೆ ಬಿಳಿಚಿಕೊಂಡಿತು.

"ಡಾಕ್ಟ್ರೇ, ಆ ವಾಚು ರಿಪೇರಿ ಮಾಡಿದ್ದು ನಾನು" ಎಂದ. "ಅದನ್ನ ನಂಬಬಹುದಾ?"