ಕೊಂಬು ಮುರಿದ ನಂದಿ

ನನ್ನ ಮೈದುನನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಹಿತ್ತಾಳೆ ದನಗಳದ್ದಾದರೆ ಬಾಲದ ತುದಿಯವರೆಗೂ ನೆನಪು! ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿನ ನಮ್ಮ ಮನೆಗೆ ಬರುತ್ತಾನೆ. ಅತ್ತಿಗೆ ಬದುಕಿದ್ದಾಳೋ ಇಲ್ಲವೋ ನೋಡಲು ಬಂದ ಅಂದುಕೊಂಡಿರಾ? ಸೀದಾ ದೇವರ ಜಗಲಿಗೆ ಹೋಗಿ, ಲಿಂಗದ ಎದುರಿನ ಹೆಬ್ಬೆರಳಷ್ಟು ಹಿತ್ತಾಳೆ ನಂದಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಚಹಾ ಆರಿ ಕೆನೆ ಕಟ್ಟಿದರೂ ಏಳುವುದಿಲ್ಲ.

ಒಂದು ಸೋಮವಾರ ಊದುಬತ್ತಿ ಹಚ್ಚಲು ಹೋದರೆ ನಂದಿ ದೇವರಿಗೇ ಬೆನ್ನು ಮಾಡಿ ಕೂತಿದೆ!

“ಇದೇನೋ ಅನಾಚಾರ?” ಎಂದೆ.

“ದೇವರು ದಿನಾ ಅದರ ಮಾರಿನೇ ನೋಡ್ತಾನಲ್ರಿ ವೈನಿ. ಎರಕಾ ಹೊಯ್ದಾವ ಬೆನ್ನ ಇನ್ನೂ ಛಲೋ ಮಾಡ್ಯಾನ. ಒಂದಿನ ದೇವರೂ ನೋಡ್ಲಿ!”

ಮೊಮ್ಮಗಳಿಗೆ ವರ ನೋಡಲು ಇವನನ್ನು ರಾಜೇಶ್ವರಕ್ಕೆ ಕಳಿಸಿದ್ದೆವು, ನಮ್ಮ ಬುದ್ಧಿಗೆ ಏನನ್ನಬೇಕು! ತಿರುಗಿ ಬಂದವನನ್ನು, “ಹುಡುಗ ಹ್ಯಾಂಗದಾನ?” ಎಂದು ಕೇಳಿದೆ.

“ಮುಂಗಾಲ ಎತ್ತಿದ್ದು ಭಾಳ ಛಂದ ಅದ. ಹೊಟ್ಟಿ ಮಾತ್ರ ಜರಾ ದಪ್ಪ.”

ಮೊಮ್ಮಗಳು ಅಳುವುದೊಂದೇ ಬಾಕಿ. ಪುಣ್ಯಾತ್ಮ ಅವರ ಮನೆಯ ಗೂಡಿನಲ್ಲಿದ್ದ ಹಿತ್ತಾಳೆ ಕುದುರೆಯನ್ನು ನೋಡಿ ಬಂದಿದ್ದ!

ಮೊನ್ನೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಂದಿ ಕೈಜಾರಿ ಅಂಗಳದ ಕಲ್ಲಿಗೆ ಬಿತ್ತು. ಒಂದು ಕೊಂಬು ಮುರಿಯಿತು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಹಳೆಯದನ್ನು ಕರಗಿಸಲು ಕೊಟ್ಟು ಹೊಸದು ತರೋಣವೆಂದು ಮರುದಿನ ಮಾಣಿಕನಗರದ ಅಂಗಡಿಗೆ ಹೊರಟೆ. ಸುದ್ದಿ ಕೇಳಿ ಓಡಿಬಂದ ಮೈದುನ ಆಟೋಕ್ಕೇ ಅಡ್ಡ ನಿಂತ.

“ಒಂದ್ ಕೋಡ್ ಹೋದ್ರ ಕರಗಸ್ತೀರೇನ್ರಿ? ನಿಮ್ಮ ಮುಂದಿನ ಹಲ್ಲ ಹೋಗ್ಯಾವ, ನಾವೇನ್ ಮಾಡೇವಿ?”

“ನನಗ್ಯಾರು ಪೂಜಿ ಮಾಡ್ತಾರೋ, ಖೋಡಿ! ಭಿನ್ನ ಆದ ಮ್ಯಾಲ ಅದು ದೇವರಲ್ಲ.”

“ದೇವರಾಗೂದು ಬ್ಯಾಡ್ರಿ. ಎತ್ತಾಗಿ ಇರ್ಲಿ!”

ನಾನು ಕೇಳುವವಳೇ? ಅವನೂ ಆಟೋದಲ್ಲಿ ತುರುಕಿಕೊಂಡು ಬಂದ. ಅಂಗಡಿಯಲ್ಲಿ ಹೊಸ ನಂದಿಗಳು ಫೋಟೋಕ್ಕೆ ಕೂತ ಮದುಮಕ್ಕಳ ಹಾಗೆ ಮೂಗು ನೇರ ಮಾಡಿ ಕೂತಿದ್ದವು. ಒಂದನ್ನು ಆರಿಸಿದೆ. ಅಂಗಡಿಯವ ಹಳೆಯದಕ್ಕೆ ಕೈಚಾಚಿದ. ದಾರಿಯುದ್ದಕ್ಕೂ ವಟಗುಟ್ಟಿದ ಮೈದುನ ನಡುವೆ ಕೈ ಅಡ್ಡ ಹಿಡಿದ.

“ಒಮ್ಮಿ ನೋಡಿ ಕೊಡ್ರಿ ವೈನಿ,” ಎಂದ, ಅಷ್ಟೇ.

ನೋಡಿದೆ. ಮದುವೆಯಾಗಿ ಬಂದಾಗಿನಿಂದ ತಿಕ್ಕಿದ್ದೆ, ನೋಡಿರಲಿಲ್ಲ. ಕುತ್ತಿಗೆ ಒಂಚೂರು ಹೊರಳಿದೆ. ಒಂದು ಕಿವಿ ಹಿಂದಕ್ಕೆ ತಿರುಗಿದೆ. ಹಿಂದಿನಿಂದ ಯಾರೋ ತನ್ನವರು ಕರೆದಂತಾಗಿ, ಇನ್ನೇನು ಏಳಬೇಕೆಂದು ಒಂದು ಮುಂಗಾಲು ಊರಿದೆ.

“ಆಯಿ, ತಕ್ಕಡ್ಯಾಗ ಇಡ್ರಿ,” ಎಂದ ಅಂಗಡಿಯವ.

ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಮೈದುನನಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದೆ:

“ಬಾರೋ ನನ್ನ ಎತ್ತೇ, ಮನೀಗ ಹೋಗೂನು.”