ಎಡಗೈಯ ಜೋಡಿ ಬಂದೂಕು

ಚೌಕಾಸಿ ಮಾಡದವರನ್ನು ನಾನು ನಂಬುವುದಿಲ್ಲ. ಇದನ್ನು ನೀವು ಜಿಪುಣತನ ಎಂದುಕೊಂಡರೆ ಬೇಸರವಿಲ್ಲ, ನನ್ನ ಹೆಂಡತಿ ಶಾಂತಾಬಾಯಿಯೂ ಹಾಗೆಯೇ ಅಂದುಕೊಂಡಿದ್ದಾಳೆ. ಆದರೆ ನನ್ನ ಲೆಕ್ಕವೇ ಬೇರೆ. ಹೇಳಿದ ಬೆಲೆಗೆ ತಲೆಯಾಡಿಸುವವನು ವಸ್ತುವನ್ನು ನೋಡಿಯೇ ಇರುವುದಿಲ್ಲ. ಕೊಸರಾಡುವವನು ಅದನ್ನು ತಿರುಗಿಸಿ, ಮಗುಚಿ, ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿರುತ್ತಾನೆ. ನೋಡಿದ ಮೇಲಲ್ಲವೆ ಐಬು ಹೇಳಲು ಬಾಯಿ ಬರುವುದು? ಬೀದರ್ ಕಡೆಯಿಂದ ಒಂದು ಕೈಚೀಲ ಹಿಡಿದು ನಾಸಿಕಕ್ಕೆ ಬಂದು, ಅಂಬಡ್‌ನ ಕಾರ್ಖಾನೆಗಳು ಬೇಡವೆಂದ ಹಳೆಯ ಲೇತ್‌ಗಳನ್ನು ಕೊಂಡು, ಒರೆಸಿ, ಎಣ್ಣೆ ಹಾಕಿ, ಬೇಕೆಂದವರಿಗೆ ಮಾರಿ ಮನೆ ಕಟ್ಟಿದವನು ನಾನು. ನೀವೂ ಎಂದಾದರೂ ಹಳೆಯ ಯಂತ್ರ ಕೊಳ್ಳಲು ಹೋದರೆ ಮೊದಲು ಯಂತ್ರವನ್ನು ನೋಡಬೇಡಿ, ಅದರ ಹಿಂದಿನ ಗೋಡೆಯನ್ನು ನೋಡಿ. ಮಾರುವವನು ತಾನಾಗಿಯೇ ಇಳಿಯುತ್ತಾನೆ. ಪುಕ್ಕಟೆ ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ಇಂಥ ನಾನು ಈಚೆಗೆ ಎರಡು ಬಂದೂಕು ಮಾರಲು ಹೋಗಿ ಪಟ್ಟ ಪಾಡನ್ನು ಹೇಳಬೇಕು. ಬಂದೂಕು ಎಂದ ಕೂಡಲೇ ಗಾಬರಿಯಾಗಬೇಡಿ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ನಮ್ಮದು; ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟಿಲ್ಲ. ನನ್ನವು ಶುದ್ಧ ಶಾಕಾಹಾರಿ ಬಂದೂಕುಗಳು. ಮೈದಾನದಲ್ಲಿ ಒಂದು ಯಂತ್ರ ಅಂಗೈ ಅಗಲದ ತಟ್ಟೆಯನ್ನು ಗಾಳಿಗೆ ಎಸೆಯುತ್ತದೆ, ಅದು ನೆಲ ಮುಟ್ಟುವುದರೊಳಗೆ ಅದನ್ನು ಒಡೆಯಬೇಕು, ಆಟ ಅಷ್ಟೇ. ಒಬ್ಬ ಗಿರಾಕಿ ಯಂತ್ರದ ಮಾತು ಮುಗಿಸಿ ಸುಮ್ಮನೆ ಕರೆದೊಯ್ದಿದ್ದ. ಮೊದಲ ತಟ್ಟೆ ಪುಡಿಯಾಗಿ ಕಪ್ಪು ಧೂಳು ಹಾರಿದ ದಿನವೇ ನಾನು ಕೆಟ್ಟೆ. ಅಂದಿನಿಂದ ನನ್ನ ಭಾನುವಾರಗಳೆಲ್ಲ ಆ ಮೈದಾನಕ್ಕೆ ಹೋದವು. ಶಾಂತಾಬಾಯಿ ನೆಂಟರ ಮುಂದೆ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ನಮ್ಮವ್ರು ಜೀವಮಾನಪೂರ್ತಿ ತಟ್ಟಿ ಒಡದಾರ ನೋಡ್ರಿ. ಒಂದ್ ದಿನರೆ ಒಂದ್ ತಟ್ಟಿ ತೊಳದಾರೇನು ಕೇಳ್ರಿ."

ಬಂದೂಕು ಕೊಂಡ ಕಥೆ ಇನ್ನೂ ಚೆಂದ. ಇಗತಪುರಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಮುದುಕರ ಬಳಿ ಒಂದು ಜೋಡಿ ಇದೆ ಎಂದು ಸುದ್ದಿ ಬಂತು. ಒಂದರಲ್ಲಿ ನಳಿಕೆಗಳು ಅಕ್ಕಪಕ್ಕ, ಇನ್ನೊಂದರಲ್ಲಿ ಮೇಲೆ ಕೆಳಗೆ. ಹೋದೆ. ಹೊರಗೆ ಕಿವಿ ಕೇಳಿಸದಂಥ ಮಳೆ. ಅವರು ಎಣ್ಣೆಬಟ್ಟೆ ಬಿಚ್ಚಿ ಬಂದೂಕು ತೋರಿಸಿದರು, ನಾನು ಗೋಡೆ ನೋಡಿದೆ. ಆಮೇಲೆ ಅವರೇ ಹೇಳಿದರು, "ಇವು ಎಡಗೈಯವರಿಗಾಗಿ ಮಾಡಿಸಿದವು. ಹೆಗಲಿಗೆ ಆನಿಸುವ ಮರ ಎಡಕ್ಕೆ ಬಾಗಿದೆ." ನನಗೆ ಅಷ್ಟೇ ಸಾಕಾಗಿತ್ತು. "ಎಡಗೈದ್ದು ಯಾರು ತಗೋತಾರ್ರಿ ಸಾಹೇಬ್ರ? ಎರಡೂ ಒಯ್ತೀನಿ, ಒಂದರ ರೇಟಿಗೆ ಕೊಡ್ರಿ" ಎಂದೆ. ಅವರು ಸ್ವಲ್ಪ ಹೊತ್ತು ಮಳೆ ನೋಡಿದರು, ಒಪ್ಪಿದರು. ಆದರೆ ಹೊರಡುವಾಗ ಕೊಡೆ ಹಿಡಿದು ಜೀಪಿನ ತನಕ ಬಂದು, ಬಂದೂಕಿನ ಪೆಟ್ಟಿಗೆಯನ್ನು ಸೀಟಿನ ಮೇಲೆ ಮಲಗಿಸಿ, ತಾವು ನೆನೆಯುತ್ತಾ ನಿಂತರು. ಮಾರಿದ ಸರಕಿನ ಹಿಂದೆ ಇಷ್ಟು ದೂರ ಬರುವವರು ವ್ಯಾಪಾರ ಮಾಡಲು ಲಾಯಕ್ಕಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಜೀಪು ದಾರಿಯಲ್ಲಿ ಘೋಟಿ ಊರು ದಾಟುವ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು: ನಾನೂ ಎಡಗೈಯವನಲ್ಲ.

ಬೇರೆಯವರಾಗಿದ್ದರೆ ಬಂದೂಕು ಬದಲಿಸುತ್ತಿದ್ದರು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಬದಲಿಸುವುದು ಹೇಗೆ? ನಾನು ಕೈ ಬದಲಿಸಿದೆ. ಎಡ ಹೆಗಲು, ಎಡಗಣ್ಣು, ಎಡ ಬೆರಳು. ಒಂದು ವರ್ಷ ತಟ್ಟೆಗಳು ಸುರಕ್ಷಿತವಾಗಿ ನೆಲಕ್ಕಿಳಿದವು. ಕೈ ಪಳಗಲೆಂದು ಹಲ್ಲುಜ್ಜಿದ್ದು, ಬೀಗ ತೆಗೆದದ್ದು, ತಲೆ ಬಾಚಿದ್ದು ಎಲ್ಲ ಎಡಗೈಯಲ್ಲೇ. ಕೊನೆಗೆ ಸಹಿಯೂ ಎಡಕ್ಕೆ ವಾಲತೊಡಗಿದಾಗ ಬ್ಯಾಂಕಿನವರು ಕರೆಸಿದರು. ಆದರೂ ತಟ್ಟೆಗಳು ಒಡೆಯತೊಡಗಿದವು, ಒಂದೆರಡು ಪದಕಗಳೂ ಬಂದವು. ಅಗ್ಗದ ಮಾಲಿಗಾಗಿ ಮನುಷ್ಯ ತನ್ನ ಮೈಯನ್ನೇ ತಿದ್ದಿಕೊಳ್ಳಬಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಕಳೆದ ವರ್ಷ ಎಡ ಹೆಗಲು ಕೈಕೊಟ್ಟಿತು. ಇನ್ನು ಬಂದೂಕಿನ ಒದೆ ತಿನ್ನುವಂತಿಲ್ಲ ಎಂದರು ಡಾಕ್ಟರು. ಲೈಸೆನ್ಸ್ ನವೀಕರಣವೂ ಹತ್ತಿರ ಬಂದಿತ್ತು. ಬಂದೂಕನ್ನು ಲೇತ್‌ನಂತೆ ಬೀದಿಯಲ್ಲಿ ಮಾರಲಾಗದು. ಲೈಸೆನ್ಸ್ ಇದ್ದವರೇ ಬೇಕು, ಇಲ್ಲವಾದರೆ ಅಂಗಡಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಕು. ನಾಸಿಕದ ಅಂಗಡಿಯವನು ಬಂದೂಕನ್ನು ಬಲ ಹೆಗಲಿಗೆ ಆನಿಸಿ ನೋಡಿ ಮುಖ ಕಿವುಚಿದ. "ಕಾಕಾ, ಇದು ಲೆಫ್ಟ್ ಹ್ಯಾಂಡ್. ಕೌನ್ ಲೇಗಾ? ಇಟ್ಟು ಹೋಗಿ, ಮೂಲೆಯಲ್ಲಿ ನಿಂತಿರಲಿ." ಮೂಲೆಯಲ್ಲಿ ಆಗಲೇ ನಾಲ್ಕಾರು ಬಂದೂಕುಗಳು ತುಕ್ಕಿನ ಕಂಬಳಿ ಹೊದ್ದು ನಿಂತಿದ್ದವು. ಅವುಗಳ ಸಾಲಿಗೆ ನನ್ನವನ್ನು ಸೇರಿಸಲು ಮನಸ್ಸು ಬರಲಿಲ್ಲ. ತಟ್ಟೆ ಒಡೆಯುವವರ ಕೈಗೇ ಕೊಡಬೇಕೆಂದು ಹಟ ಹಿಡಿದು ಮನೆಗೆ ವಾಪಸ್ ತಂದೆ.

ಆಗ ಒಬ್ಬ ಬಿಲ್ಡರ್ ಬಂದ. ಲೈಸೆನ್ಸೂ ಇತ್ತು, ಫಾರ್ಮ್‌ಹೌಸೂ ಇತ್ತು. ಎಡವೋ ಬಲವೋ ಅವನಿಗೆ ಬೇಕಿರಲಿಲ್ಲ, ಸೋಫಾದ ಮೇಲಿನ ಗೋಡೆ ಖಾಲಿಯಿತ್ತು. ನಾನು ಚೌಕಾಸಿಗೆ ಜಾಗವಿರಲೆಂದು ಬಾಯಿಗೆ ಬಂದ ಬೆಲೆ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ "ಚಾಲೇಲ್" ಅಂದುಬಿಟ್ಟ. ನಡೆಯುತ್ತದಂತೆ! ಬಂದೂಕನ್ನು ಮುಟ್ಟಲಿಲ್ಲ, ನಳಿಕೆಯೊಳಗೆ ಇಣುಕಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಬ್ಯಾಡ್ರಿ, ಮಾರೂದಿಲ್ಲ" ಎಂದೆ. ಅವನು ಹೋದ ಮೇಲೆ ಶಾಂತಾಬಾಯಿ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೇಳಿದಷ್ಟು ಕೊಡ್ತೀನಿ ಅಂದವನ್ನ ಓಡಿಸೀರಿ. ಹೆಗಲಷ್ಟೇ ತೋರಿಸೀರಿ ಡಾಕ್ಟರಿಗೆ, ತಲೀನೂ ತೋರಿಸಬೇಕಿತ್ತು."

ಅಷ್ಟರಲ್ಲಿ ನಾನು ಬಂದೂಕು ಮಾರುವ ಸುದ್ದಿ ಕೇಳಿ ಶಿವರಾಜಪ್ಪನವರು ಫೋನು ಮಾಡಿದರು. ಆಳಂದದ ಕಡೆಯವರು, ಸಂಭಾಜಿನಗರದ ಹತ್ತಿರ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಹಿಂದೆ ಆ ಕಾರ್ಖಾನೆಗೆ ನನ್ನಿಂದ ಲೇತ್ ಕೊಡಿಸಿದವರು. "ಅಣ್ಣಾರ, ನಮ್ಮ ಮಗಳು ಸ್ನೇಹಾಗ ಲೈಸೆನ್ಸ್ ಬಂದದ್ರಿ. ಕ್ಲಬ್ಬಿನ ಬಂದೂಕು ಹಿಡಿದು ಆಡ್ತಾಳ, ಗಲ್ಲೆಲ್ಲ ಬಾತಿರ್ತದ. ಹುಡುಗಿ ಎಡಚಿ ನೋಡ್ರಿ." ಎಡಚಿ! ಆ ಮಾತು ನನ್ನ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು. ಮರುದಿನವೇ ಪೆಟ್ಟಿಗೆಯನ್ನು ಕಾರಿನ ಸೀಟಿನ ಮೇಲೆ ಮಲಗಿಸಿಕೊಂಡು ಹೊರಟೆ.

ಸ್ನೇಹಾ ಅದೇ ಶೇಂದ್ರಾದಲ್ಲಿ ಕೆಲಸಕ್ಕೆ ಹೋಗುವ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಮರಾಠಿ ಮೊದಲು ಬರುತ್ತದೆ. ಖಾಲಿ ಬಂದೂಕನ್ನು ಬಿಚ್ಚಿ, ನಳಿಕೆಯನ್ನು ಕಿಟಕಿಗೆ ಹಿಡಿದು ನೋಡಿದಳು. ಎಡ ಹೆಗಲಿಗೆ ಏರಿಸಿದಳು. ಮರ ಅವಳ ಗಲ್ಲಕ್ಕೆ ಹೋಗಿ ಕೂತ ರೀತಿ ನೋಡಿ ನನ್ನ ಬಾಯಿಂದ "ಆಹಾ" ಬರುವುದರಲ್ಲಿತ್ತು. ಮಾರುವವನು ಆಹಾ ಅನ್ನಬಾರದು, ನುಂಗಿಕೊಂಡೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಬಂದೂಕು ಕೆಳಗಿಟ್ಟವಳೇ ಗೋಡೆ ನೋಡತೊಡಗಿದಳು!

"ಕಾಕಾ, ಇಲ್ಲಿ ಮರ ಘಾಸಲಂಯ್. ಬಾಬಾ, ಘಾಸಲಂಯ್ ಅಂದ್ರ ಏನು?"

"ಸವದದ" ಎಂದರು ಅಪ್ಪ, ಮುಜುಗರದಿಂದ.

"ಹಾಂ, ಸವದದ. ಸ್ಪ್ರಿಂಗ್ ಬಿಗಿ ಅದ. ಮತ್ ಕಾಕಾ, ಲೆಫ್ಟಿಂದು ಯಾರ್ ತಗೋತಾರ? ಕೋಣೀ ನಾಹೀ. ನಾ ಒಬ್ಬಾಕಿನೇ. ಎರಡೂ ಒಯ್ತೀನಿ, ಪಣ್ ರೇಟ್ ಒಂದರದ್ದು."

"ಹಿರ್ಯಾರ ಮುಂದ ಹಂಗ ಅನಬಾರದವ್ವ" ಎಂದು ಶಿವರಾಜಪ್ಪ ಗದರಿದರು. ನಾನು ಮಾತ್ರ ಇಗತಪುರಿಯ ಮಳೆಯಲ್ಲಿ ನಿಂತಿದ್ದೆ. ನನ್ನದೇ ಮಾತು, ನನ್ನದೇ ಗೋಡೆ. ಸುಲಭಕ್ಕೆ ಸೋಲಬಾರದೆಂದು ಎರಡು ಕಪ್ ಚಹಾ ಮುಗಿಯುವ ತನಕ ಎಳೆದಾಡಿದೆ, ಸ್ಪ್ರಿಂಗ್ ಯಾಕೆ ಬಿಗಿ ಇರಬೇಕೆಂದು ಭಾಷಣ ಮಾಡಿದೆ. ಅವಳು ಪ್ರತಿ ಮಾತಿಗೂ ಒಂದು ಹೊಸ ಗೀರು ತೋರಿಸಿದಳು. ನನಗೇ ಗೊತ್ತಿಲ್ಲದ ಗೀರುಗಳು. ಕೊನೆಗೆ ಅವಳ ಬೆಲೆಗೇ ಬಂದೆ. ಅಷ್ಟು ಸಂತೋಷದಿಂದ ನಾನು ಯಾವ ವ್ಯಾಪಾರದಲ್ಲೂ ಸೋತಿಲ್ಲ.

ಕಾಗದಪತ್ರದ ಓಡಾಟವೆಲ್ಲ ಮುಗಿದ ಮೇಲೆ ಒಪ್ಪಿಸಲು ಹೋಗುವಾಗ ಶಾಂತಾಬಾಯಿಯೂ ಬಂದಳು. ಬರುವಾಗ ಯೇವಲಾದಲ್ಲಿ ಪೈಠಣಿ ಸೀರೆ ಕೊಡಿಸಬೇಕೆಂಬುದು ಅವಳ ಕರಾರು. ಸಂಭಾಜಿನಗರದ ಬಂದೂಕಿನ ಅಂಗಡಿಯಲ್ಲಿ ಕೊನೆಯ ಸಹಿ ಬಿತ್ತು. ಪೆಟ್ಟಿಗೆ ಎತ್ತಿಕೊಟ್ಟೆ. ಸ್ನೇಹಾ ಎಡಗೈ ಚಾಚಿದಳು.

"ಬಲಗೈಲೆ ತಗೋ! ಶುಭದ ವ್ಯಾಳ್ಯಾದಾಗ ಎಡಗೈ ಚಾಚ್ತಾರೇನು?" ಎಂದರು ಶಿವರಾಜಪ್ಪ. ಉಣ್ಣುವಾಗ, ಪ್ರಸಾದ ಹಿಡಿಯುವಾಗ, ದಸರೆಯ ಬನ್ನಿ ತಗೊಳ್ಳುವಾಗ ಎಷ್ಟು ಸಲ ಆ ಕೈ ಬೈಸಿಕೊಂಡಿತ್ತೋ. ಹುಡುಗಿ ಗಕ್ಕನೆ ಹಿಂದೆಳೆದುಕೊಂಡಳು.

"ಬ್ಯಾಡ್ರಿ ಶಿವರಾಜಪ್ಪ, ಎಡಗೈಲೇ ತಗೋಲಿ" ಎಂದೆ. "ಈ ಬಂದೂಕಿಗೆ ಅದೇ ಬಲಗೈ."

ಅವಳು ಎಡಗೈಯಲ್ಲೇ ತೆಗೆದುಕೊಂಡಳು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು, ಆದರೂ ಅವಳ ಕ್ಲಬ್ಬಿನ ಮೈದಾನದ ತನಕ ಹಿಂದೆ ಹಿಂದೆಯೇ ಹೋದೆ. ಮೊದಲ ತಟ್ಟೆ ತಪ್ಪಿತು. ನಾನು ಸುಮ್ಮನಿರುತ್ತೇನೆಯೇ? "ತಂಗಿ, ತಟ್ಟಿ ಬೆನ್ನಿಗೆ ಬೀಳಬ್ಯಾಡ. ಗುರಿ ಅದಕ್ಕಿಂತ ಮುಂದ ಹೋಗಲಿ."

"ಕಾಕಾ, ಸಲಹಾ ಫುಕಟ್ ಏನು?"

"ಫುಕಟ್ ಅವ್ವ."

"ಮತ್ ಜರಾ ಸುಮ್ಕಿರ್ರಿ."

ಮುಂದಿನ ತಟ್ಟೆ ಆಕಾಶದಲ್ಲೇ ಹೊಗೆಯಾಯಿತು. ಅದರ ಮುಂದಿನದೂ.

ಯೇವಲಾ ತಲುಪಿದಾಗಲೂ ನನ್ನ ಕಿವಿಯಲ್ಲಿ ಅದೇ ಸದ್ದು. ಶಾಂತಾಬಾಯಿ ನೇರಳೆ ಬಣ್ಣದ ಪೈಠಣಿ ಹರವಿಕೊಂಡು ಏನೋ ಕೇಳಿದಳು, ಅಂಗಡಿಯವನು ಏನೋ ಬೆಲೆ ಹೇಳಿದ. "ಚಾಲೇಲ್" ಎಂದು ಜೇಬಿಗೆ ಕೈ ಹಾಕಿದೆ. ಅಂಗಡಿಯವನಿಗೆ ಆನಂದವಾಯಿತು. ಶಾಂತಾಬಾಯಿ ಮಾತ್ರ ಸೀರೆಯನ್ನು ಮಡಿಲಿಂದ ಕೆಳಗೆ ಇಳಿಸಿದಳು.

"ಚೌಕಾಸಿ ಮಾಡದವ ಮಾಲ್ ನೋಡಿರೂದಿಲ್ಲ ಅಂತ ದಿನಾ ಊರಿಗೆ ಹೇಳ್ತೀರಲ್ಲ? ಅಂದ್ರ ಈ ಸೀರಿ ನೋಡೇ ಇಲ್ಲ ನೀವು. ಉಟ್ಟಾಕಿನ್ನೂ ನೋಡೂದಿಲ್ಲ ಬಿಡ್ರಿ."

ನಾನು ಜೇಬಿನಿಂದ ಕೈ ತೆಗೆದೆ. ಕೂತು ಸೀರೆಯನ್ನು ಮಡಿಲಿಗೆಳೆದುಕೊಂಡು, ಸೆರಗಿನ ನವಿಲನ್ನು ಬೆಳಕಿಗೆ ಹಿಡಿದೆ. ಮೊದಲ ಸಲ ಸರಿಯಾಗಿ ನೋಡಿದೆ: ಸೀರೆ ಚೆನ್ನಾಗಿತ್ತು, ನೋಡುತ್ತ ಕೂತವಳಿಗೆ ಇನ್ನೂ ಚೆನ್ನಾಗಿ ಒಪ್ಪುವಂತಿತ್ತು. ಕೊಳ್ಳುವವನೂ ಆಹಾ ಅನ್ನಬಾರದು, ನುಂಗಿಕೊಂಡೆ. ಅಂಗಡಿಯವನ ಹಿಂದಿನ ಗೋಡೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಇಲ್ಲೊಂದು ಎಳೆ ಬಿಟ್ಟದಲ್ಲೋ ಅಣ್ಣಾ" ಎಂದು ಬೆರಳು ಇಟ್ಟು ತೋರಿಸಿದೆ.

ಎಡಗೈಯ ಬೆರಳು.