ಎಣ್ಣೆ ದೇಶದ ಸುದ್ದಿ

ಬೀಬಿಜಾನಳ ತೋಳಿನ ಗಂಟುಗಳೇ ಇಷ್ಟಕ್ಕೆಲ್ಲ ಕಾರಣ. ದೂರ ಹೊರಟವರ ತೋಳಿಗೆ ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ ಇಮಾಮ್ ಜಾಮಿನ್ ಕಟ್ಟುವುದು ಅವರಲ್ಲಿ ಪದ್ಧತಿ. ಹೋಗಬೇಕಾದಲ್ಲಿ ಮುಟ್ಟಿದ ಮೇಲೆಯೇ ಅದನ್ನು ಬಿಚ್ಚಿ, ನಾಣ್ಯವನ್ನು ಬಡವರಿಗೆ ಕೊಡಬೇಕು. ಮಗಳು ತಸ್ಲೀಮಾಳ ಚೊಚ್ಚಲ ಹೆರಿಗೆಗೆಂದು ಗಂಡ ಹೆಂಡತಿ ಮಸ್ಕತ್ತಿಗೆ ಹೊರಟಾಗ ಖಾನಾಪುರದ ಓಣಿಗೆ ಓಣಿಯೇ ಬಂದು ಕಟ್ಟಿತು. ಎದುರು ಮನೆಯ ಸಿದ್ದಕ್ಕ ಕೂಡ ಒಂದು ಕಟ್ಟಿ ಕಣ್ಣೊರೆಸಿಕೊಂಡಳು. ಹಂಚಿನ ಕಾರ್ಖಾನೆಯಲ್ಲಿ ದುಡಿದು ಸವೆದ ಗಂಡ ನಬೀಸಾಬನ ತೋಳೂ ಮದುವೆ ಹಂದರದ ಕಂಬದಂತಾಯಿತು.

ಗೋವಾದ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಯಂತ್ರ ಇಬ್ಬರನ್ನೂ ಕಂಡೊಡನೆ ಕೂಗಿಕೊಂಡಿತು. ಗಂಟು ಬಿಚ್ಚಿ ಎಂದರು. "ಮುಟ್ಟೂತನಕಾ ಬಿಚ್ಚೂದಿಲ್ಲ" ಎಂದಳು ಬೀಬಿಜಾನ. ಬಿಚ್ಚಿದರೆ ಬಸುರಿ ಮಗಳಿಗೆ ಕೇಡಾದೀತೆಂದು ಅವಳ ಹೆದರಿಕೆ. ನಬೀಸಾಬ ಗದರಿದ, ಆಮೇಲೆ ಬೇಡಿಕೊಂಡ. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು ಒಂದೊಂದೇ ಗಂಟನ್ನು ಮುಟ್ಟಿ ನೋಡಿ ಬಿಚ್ಚಿಸದೆಯೇ ಒಳಗೆ ಬಿಟ್ಟರು. ಅಷ್ಟರಲ್ಲಿ ವಿಮಾನ ಹೋಗಿತ್ತು.

ಅಳಿಯ ಫೋನಿನಲ್ಲಿ ಸಿಟ್ಟಾಗಲಿಲ್ಲ. ಏನಾದರೂ ಮಾಡುತ್ತೇನೆ, ಸದ್ಯ ಮನೆಗೆ ಹೋಗಿ ಎಂದ. ಹೋಗುವುದು ಹೇಗೆ? ಹೊರಟ ಪಯಣ ಅರ್ಧಕ್ಕೇ ತಿರುಗಿತೆಂದು ಓಣಿಯವರು ಬಸುರಿಯ ಹೆಸರು ಹಿಡಿದು ಲೊಚಗುಟ್ಟುವುದನ್ನು ಬೀಬಿಜಾನ ಕೇಳಲಾರಳು. ಹೀಗಾಗಿ ಇಬ್ಬರೂ ಬೆಳಗಾವಿಯ ಆಟೋ ನಗರದಲ್ಲಿ ಲಾರಿ ರಿಪೇರಿ ಮಾಡುವ ಅವಳ ತಮ್ಮ ಸಾದಿಕನ ತಗಡಿನ ಶೆಡ್ಡಿಗೆ ಬಂದು, ಹಳೆಯ ಟಯರುಗಳ ನಡುವೆ ಚಾಪೆ ಹಾಸಿದರು.

ಮರುದಿನ ಬೆಳಗ್ಗೆಯೇ ಸಿದ್ದಕ್ಕನ ಫೋನು. ವಿಡಿಯೋ ಹಚ್ಚಿ ದೇಶ ತೋರಿಸಿರಿ ಎಂದಳು. ಇಲ್ಲಿ ಅದಕ್ಕೆ ಪರವಾನಿಗಿ ಇಲ್ಲವೆಂದು ನಬೀಸಾಬ ತಪ್ಪಿಸಿಕೊಂಡ.

"ಹಂಗಾರ ಬಾಯಿಲೇ ಹೇಳ್ರಿ ಅಣ್ಣಾ. ಮಂದಿ ಹೆಂಗದಾರ?"

ನಬೀಸಾಬನಿಗೆ ಸುಳ್ಳು ರೂಢಿಯಿರಲಿಲ್ಲ. ಸುತ್ತ ನೋಡಿ ಕಂಡದ್ದನ್ನೇ ಹೇಳಿದ.

"ಎಲ್ಲಾರ ಮೈಮ್ಯಾಲೂ ಎಣ್ಣಿ ಐತ್ರಿ."

"ಎಣ್ಣಿ ದೇಶ ಅಲ್ಲೇನ್ರಿ ಮತ್ತ. ಅದೇನ ಬಡಿಯೂ ಸಪ್ಪಳ?"

"ಹಗಲೆಲ್ಲಾ ಏನರೆ ಕಟ್ಟತಿರ್ತಾರ."

"ತಸ್ಲೀಮಾ?"

"ಬಾಜೂಕ ಕುಂತಾಳ. ಬಿಸಿ ರೊಟ್ಟಿ ಮಾಡಿ ಹಾಕಿದ್ಲು."

ತಣ್ಣಗಿನ ಪಾವನ್ನು ಚಹಾದಲ್ಲಿ ಅದ್ದುತ್ತಿದ್ದ ಬೀಬಿಜಾನ ಮುಖ ಆಚೆ ತಿರುಗಿಸಿದಳು. ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿಗೆ ಆಗಲೇ ಇರುವೆ ಹತ್ತಿದ್ದವು.

ಮಧ್ಯಾಹ್ನ ಓಣಿಯ ನಿವೃತ್ತ ಮಾಸ್ತರ ಬಾಪುಸಾಹೇಬರು ಫೋನು ಮಾಡುವ ಹೊತ್ತಿಗೆ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಮರಳುಗಾಡಿನಲ್ಲಿ ಇದೆಂಥ ನೀರಿನ ಸಪ್ಪಳ ಎಂದು ಅವರು ಕೇಳಿದರು.

"ಎ.ಸಿ. ಸೋರಾಕತ್ತೈತ್ರಿ ಮಾಸ್ತರ."

"ಇಷ್ಟ ಜೋರ?"

"ದೊಡ್ಡ ಎ.ಸಿ. ಐತ್ರಿ."

ಮಾಸ್ತರರು ಹೂಂ ಎಂದು ಫೋನಿಟ್ಟರು. ಆ ಹೂಂ ನಬೀಸಾಬನಿಗೆ ಸೇರಲಿಲ್ಲ. ಬೀಬಿಜಾನ ಊಟ ಬಿಟ್ಟಳು. ಅಲ್ಲಿ ಮಗಳ ಕಾಲು ಬಾತಿವೆಯೋ ಏನೋ, ನೀವು ಇಲ್ಲಿ ಆಕೆಯ ಕೈಲಿ ರೊಟ್ಟಿ ಬಡಿಸುತ್ತಿದ್ದೀರಿ ಎಂದು ಗಂಡನನ್ನು ಅಂದಳು. ಅವನು ಟಯರಿನ ಮೇಲೆ ಕುಳಿತು ಉಂಡಿಗಳಿಗೆ ಹತ್ತಿದ ಇರುವೆ ಕೊಡವಿದ.

ಸಂಜೆ ಮತ್ತೆ ಸಿದ್ದಕ್ಕ. ದನಿ ಬೆಳಗಿನಂತಿರಲಿಲ್ಲ.

"ಅಣ್ಣಾ, ತಸ್ಲೀಮಾ ಏನ ಮಾಡಾಕತ್ತಾಳ?"

"ಉಂಡು ಈಗ ಅಡ್ಡಾಗ್ಯಾಳ ನೋಡ್ರಿ."

"ಖರೇ ಐತಿ. ನಮ್ಮ ಪಡಸಾಲ್ಯಾಗ ಅಡ್ಡಾಗ್ಯಾಳ. ಅವ್ವಾ ಅಪ್ಪಾಗ ವಿಮಾನ ತಪ್ಪಿತಂತ ಅಳಿಯಾರು ಆಕೀನ್ನ ಇಲ್ಲಿಗೆ ಕಳಿಸ್ಯಾರ. ಹೇಳದ ಬಂದು ನಿಮಗ ಖುಷಿ ಮಾಡಬೇಕಂತಿದ್ಲು. ಬಂದು ನೋಡಿದ್ರ ಮನಿಗೆ ಕೀಲಿ."

ಆದರೂ ನಬೀಸಾಬ ಹಿಡಿದ ಸುಳ್ಳನ್ನು ಕೈಬಿಡಲಿಲ್ಲ.

"ಇಲ್ಲಿಂದ ಬರಾಕ ಎರಡ ದಿವಸರೆ ಹಿಡಿತೈತಿ..."

ಬೀಬಿಜಾನ ಫೋನು ಕಸಿದುಕೊಂಡಳು.

"ಸಿದ್ದಕ್ಕಾ, ಆಕಿಗೆ ಏನರೆ ಬಿಸೀದು ತಿನ್ನಾಕ ಕೊಡ್ರಿ. ತಾಸಿನ್ಯಾಗ ಬಂದ್ವಿ."

ಖಾನಾಪುರದ ಬಸ್ಸಿನಲ್ಲಿ ನಬೀಸಾಬ, ಈಗಲಾದರೂ ಬಿಚ್ಚೋಣವೇ ಎಂದು ಮೆಲ್ಲಗೆ ಕೇಳಿದ. ಮುಟ್ಟಿದ ಮೇಲೆ ಎಂದು ಅವಳು ಗಂಟುಗಳ ಮೇಲೆ ಸೆರಗು ಎಳೆದುಕೊಂಡಳು.

ಇಳಿದಾಗ ಮಳೆ ನಿಂತಿರಲಿಲ್ಲ. ಓಣಿಯ ಬಾಯಲ್ಲಿ, ಕಳಿಸಿಕೊಡಲು ಬಂದಿದ್ದವರಿಗಿಂತ ಹೆಚ್ಚು ಮಂದಿ ನಿಂತಿದ್ದರು. ಬಾಪುಸಾಹೇಬ ಮಾಸ್ತರರೊಬ್ಬರೇ ಕೊಡೆ ಹಿಡಿದು ಮುಂದೆ ಬಂದರು.

"ಲಗೂ ಬರ್ರಿ ನಬೀಸಾಬ. ಇಲ್ಲೂ ಎ.ಸಿ. ಸೋರಾಕತ್ತೈತಿ."